ಹೊಸ ಮಳಿಗೆ, ಹಳೆಯ ಲೆಕ್ಕ: ಆನ್‌ಲೈನ್ ವೇದಿಕೆ ಬದಲಿಸುವಾಗ ಆರ್ಡರ್ ದಾಖಲೆಗಳ ವರ್ಗಾವಣೆ

ದೀಪಾವಳಿಯ ಪಾಡ್ಯದಂದು ಅಂಗಡಿಯಲ್ಲಿ ಪೂಜೆ ಮಾಡಿ ಹೊಸ ಖಾತೆ ಪುಸ್ತಕ ತೆರೆಯುವ ಪದ್ಧತಿ ಕರ್ನಾಟಕದ ಅನೇಕ ವರ್ತಕ ಮನೆತನಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಹೊಸ ಪುಸ್ತಕದ ಮೊದಲ ಪುಟದಲ್ಲಿ ಹಿಂದಿನ ಶಿಲ್ಕನ್ನು ಬರೆದುಕೊಳ್ಳಲಾಗುತ್ತದೆ. ಹಳೆಯ ಪುಸ್ತಕವನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟದ ಮೇಲೆ ಇಡಲಾಗುತ್ತದೆ. ಶಿಲ್ಕು ಬರೆದುಕೊಂಡಾಯಿತೆಂದು ಹಳೆಯ ಪುಸ್ತಕವನ್ನು ಯಾರೂ ರದ್ದಿಗೆ ಹಾಕುವುದಿಲ್ಲ. ಹಳೆಯ ಪುಸ್ತಕದ ಒಂದೊಂದು ಸಾಲನ್ನೂ ಹೊಸ ಪುಸ್ತಕದಲ್ಲಿ ನಕಲು ಮಾಡಲು ಯಾರೂ ಕೂರುವುದೂ ಇಲ್ಲ.

ಇದೇ ವ್ಯಾಪಾರ ಆನ್‌ಲೈನ್ ಮಳಿಗೆಗೆ ಬಂದಾಗ ಈ ಎರಡೂ ತಪ್ಪುಗಳು ಸಹಜವಾಗಿ ನಡೆಯುತ್ತಿವೆ. ಒಂದು ವೇದಿಕೆಯಿಂದ ಇನ್ನೊಂದಕ್ಕೆ ಹೋಗುವಾಗ ಕೆಲವರು ಹಳೆಯ ಆರ್ಡರುಗಳನ್ನು ಅಲ್ಲಿಯೇ ಬಿಟ್ಟು, ಚಂದಾ ನಿಲ್ಲಿಸಿ ಬಂದುಬಿಡುತ್ತಾರೆ. ಮತ್ತೆ ಕೆಲವರು ಎಲ್ಲ ಆರ್ಡರುಗಳನ್ನೂ ಹೊಸ ವೇದಿಕೆಗೆ ತುಂಬಿಸಿ, ತುಂಬಿಸಿದ್ದೇ ಮೂಲ ದಾಖಲೆಯೆಂದು ನಂಬುತ್ತಾರೆ. ಮೊದಲನೆಯವರ ಬಳಿ ಕೆಲವು ವರ್ಷಗಳ ನಂತರ ತೋರಿಸಲು ದಾಖಲೆಯೇ ಇರುವುದಿಲ್ಲ. ಎರಡನೆಯವರ ಬಳಿ ಇರುವ ದಾಖಲೆ ಅವರೇ ಸಲ್ಲಿಸಿದ ತೆರಿಗೆ ವಿವರಪತ್ರಕ್ಕೆ ತಾಳೆಯಾಗುವುದಿಲ್ಲ.

ವೇದಿಕೆ ಬದಲಾವಣೆ ಅನಿವಾರ್ಯವಾಗುವ ಸಂದರ್ಭಗಳು

ವೇದಿಕೆಯನ್ನು ಬದಲಿಸುವುದು ಎಲ್ಲ ಸಂದರ್ಭಗಳಲ್ಲೂ ವ್ಯಾಪಾರಸ್ಥರ ಇಚ್ಛೆಗೆ ಬಿಟ್ಟ ವಿಷಯವಲ್ಲ. ಮಜೆಂಟೊ ಎಂಬ ಮಳಿಗೆ ತಂತ್ರಾಂಶದ ಮೊದಲ ಆವೃತ್ತಿ 2008ರಲ್ಲಿ ಬಂದು ಜಗತ್ತಿನಾದ್ಯಂತ ಬಳಕೆಯಾಯಿತು. 2015ರಲ್ಲಿ ಎರಡನೆಯ ಆವೃತ್ತಿ ಬಂತು. 2020ರ ಜೂನ್ 30ರಂದು ಮೊದಲ ಆವೃತ್ತಿಗೆ ನೀಡುತ್ತಿದ್ದ ಬೆಂಬಲ ನಿಂತಿತು. ಭದ್ರತಾ ತಿದ್ದುಪಡಿಗಳು ಬಾರದ ತಂತ್ರಾಂಶದಲ್ಲಿ ಹಣ ಪಾವತಿ ನಡೆಸುವುದು ಅಪಾಯಕರವಾದ್ದರಿಂದ ಅದನ್ನು ಬಳಸುತ್ತಿದ್ದವರು ಎರಡನೆಯ ಆವೃತ್ತಿಗೋ, ಶಾಪಿಫೈ, ವೂಕಾಮರ್ಸ್‌ನಂತಹ ಬೇರೆ ವೇದಿಕೆಗೋ ಹೋಗಬೇಕಾಯಿತು. ಎರಡು ಆವೃತ್ತಿಗಳು ಒಂದೇ ಹೆಸರಿನವಾದರೂ ಅವುಗಳ ಒಳಗಿನ ದತ್ತಾಂಶ ರಚನೆ ಬೇರೆಯಾಗಿತ್ತು. ವರ್ಗಾವಣೆಗೆಂದೇ ಪ್ರತ್ಯೇಕ ಸಾಧನವೊಂದನ್ನು ಸಿದ್ಧಪಡಿಸಿ ಕೊಡಬೇಕಾಯಿತು.

ಮಾಸಿಕ ಶುಲ್ಕದ ಏರಿಕೆ, ಪಾವತಿ ಸೌಲಭ್ಯದ ಕೊರತೆ, ವಹಿವಾಟಿನ ಬೆಳವಣಿಗೆ, ವೆಬ್‌ಸೈಟ್ ನಿರ್ಮಿಸಿಕೊಟ್ಟವರೇ ಕೆಲಸ ಬಿಟ್ಟುಹೋಗುವುದು, ಇವೂ ಸಾಮಾನ್ಯ ಕಾರಣಗಳು. ಕಾರಣ ಯಾವುದೇ ಇರಲಿ, ಬದಲಾವಣೆಯ ಮಾತುಕತೆಯಲ್ಲಿ ಮುಖಪುಟದ ಅಂದ, ಸರಕುಗಳ ಚಿತ್ರ, ಪಾವತಿ ವ್ಯವಸ್ಥೆ ಇವುಗಳಿಗೆ ಹೆಚ್ಚಿನ ಸಮಯ ಸಲ್ಲುತ್ತದೆ. ಹಳೆಯ ಆರ್ಡರುಗಳ ವಿಷಯ ಕೊನೆಯ ವಾರದಲ್ಲಿ ನೆನಪಾಗುತ್ತದೆ.

ಹಳೆಯ ಆರ್ಡರ್ ಎಂದರೆ ಲೆಕ್ಕಪತ್ರ

ಆನ್‌ಲೈನ್ ಮಾರಾಟದಲ್ಲಿ ಆರ್ಡರ್ ದಾಖಲೆಯೇ ಮಾರಾಟದ ಮೊದಲ ರುಜುವಾತು. ಯಾವ ಸರಕು, ಯಾವ ಬೆಲೆ, ಎಷ್ಟು ರಿಯಾಯಿತಿ, ಯಾವ ರಾಜ್ಯಕ್ಕೆ ರವಾನೆ, ಯಾವ ದರದ ತೆರಿಗೆ, ಹಣ ಹೇಗೆ ಬಂತು, ಸರಕು ವಾಪಸು ಬಂದಿತೇ ಎಂಬ ಎಲ್ಲ ವಿವರಗಳ ಮೂಲ ಅದರಲ್ಲಿದೆ. ಆದ್ದರಿಂದ ಲೆಕ್ಕಪತ್ರಗಳಿಗೆ ಅನ್ವಯಿಸುವ ಕಾನೂನಿನ ದೃಷ್ಟಿಯಿಂದಲೇ ಅದನ್ನು ನೋಡಬೇಕು.

ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆಯ 36ನೆಯ ಕಲಮಿನ ಪ್ರಕಾರ, ಆಯಾ ವರ್ಷದ ವಾರ್ಷಿಕ ವಿವರಪತ್ರ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಮುಗಿಯುವವರೆಗೆ ಲೆಕ್ಕಪತ್ರ ಹಾಗೂ ದಾಖಲೆಗಳನ್ನು ಇಟ್ಟುಕೊಳ್ಳಬೇಕು. ಇದನ್ನು ಆರು ವರ್ಷವೆಂದು ಸ್ಥೂಲವಾಗಿ ತಿಳಿದವರು ಮೋಸಹೋಗುತ್ತಾರೆ. 2023-24ರ ವಾರ್ಷಿಕ ವಿವರಪತ್ರದ ಕೊನೆಯ ದಿನ 2024ರ ಡಿಸೆಂಬರ್ 31. ಅಲ್ಲಿಂದ 72 ತಿಂಗಳೆಂದರೆ 2030ರ ಡಿಸೆಂಬರ್ ಅಂತ್ಯ. 2023ರ ಏಪ್ರಿಲ್ ಮೊದಲ ವಾರದಲ್ಲಿ ಬಂದ ಆರ್ಡರಿನ ದಾಖಲೆ ಹೆಚ್ಚುಕಡಿಮೆ ಏಳೂ ಮುಕ್ಕಾಲು ವರ್ಷ ಉಳಿದಿರಬೇಕಾಯಿತು. ಆ ವಿಷಯದಲ್ಲಿ ಮೇಲ್ಮನವಿಯೋ ತನಿಖೆಯೋ ನಡೆಯುತ್ತಿದ್ದರೆ, ಅದು ಅಂತಿಮವಾಗಿ ಇತ್ಯರ್ಥವಾದ ನಂತರದ ಒಂದು ವರ್ಷ ಅಥವಾ ಮೇಲಿನ ಅವಧಿ, ಇವೆರಡರಲ್ಲಿ ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು.

ಅದೇ ಕಾಯ್ದೆಯ ನಿಯಮಗಳಲ್ಲಿ 56 ಮತ್ತು 57ನೆಯವು ಇಲ್ಲಿ ಮುಖ್ಯ. ವಿದ್ಯುನ್ಮಾನ ರೂಪದ ದಾಖಲೆಯಲ್ಲಿ ಯಾವುದನ್ನಾದರೂ ತಿದ್ದಿದರೆ ಅಥವಾ ಅಳಿಸಿದರೆ ಅದರ ದಾಖಲೆ ಉಳಿದಿರಬೇಕು. ದಾಖಲೆಗಳ ಬ್ಯಾಕಪ್ ಇರಬೇಕು. ಅಧಿಕಾರಿಗಳು ಕೇಳಿದಾಗ ಕಡತಗಳನ್ನೂ ಅವುಗಳ ಗುಪ್ತಪದಗಳನ್ನೂ ಒದಗಿಸಬೇಕು. ಅವುಗಳಲ್ಲಿ ಬಳಸಿದ ಸಂಕೇತಗಳ ಅರ್ಥವಿವರಣೆಯನ್ನೂ ಕೊಡಬೇಕು. ಹಳೆಯ ವೇದಿಕೆಯಲ್ಲಿ 3 ಎಂಬ ಸ್ಥಿತಿ ಸಂಕೇತಕ್ಕೆ ಸರಕು ವಾಪಸು ಬಂದಿದೆ ಎಂಬ ಅರ್ಥವಿದ್ದರೆ, ಅದನ್ನು ಬಲ್ಲವರು ಕೆಲಸ ಬಿಟ್ಟುಹೋದ ಮೇಲೂ ಆ ಅರ್ಥ ಬರಹದಲ್ಲಿ ಇರಬೇಕೆಂಬುದೇ ಇದರ ತಾತ್ಪರ್ಯ.

ಕಂಪನಿಯಾಗಿ ನೋಂದಾಯಿಸಿಕೊಂಡ ಉದ್ದಿಮೆಗಳಿಗೆ ಇನ್ನೂ ಕೆಲವು ಕಟ್ಟುಪಾಡುಗಳಿವೆ. 2013ರ ಕಂಪನಿ ಕಾಯ್ದೆಯ 128ನೆಯ ಕಲಮಿನ ಪ್ರಕಾರ ಹಿಂದಿನ ಎಂಟು ಹಣಕಾಸು ವರ್ಷಗಳ ಲೆಕ್ಕಪುಸ್ತಕ ಹಾಗೂ ಸಂಬಂಧಿತ ರುಜುವಾತುಗಳನ್ನು ಇಡಬೇಕು. ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ ಪ್ರತಿದಿನವೂ ಭಾರತದಲ್ಲಿರುವ ಸರ್ವರಿನಲ್ಲಿ ಇರಬೇಕೆಂದು 2022ರ ಆಗಸ್ಟ್ ತಿದ್ದುಪಡಿ ಹೇಳುತ್ತದೆ. 2023ರ ಏಪ್ರಿಲ್ 1ರಿಂದ, ಲೆಕ್ಕ ಬರೆಯುವ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡು ದಾಖಲಾಗುವ ವ್ಯವಸ್ಥೆ ಕಡ್ಡಾಯವಾಗಿದೆ. ಆ ಜಾಡನ್ನು ಕಾನೂನು ಹೇಳಿದ ಅವಧಿಗೆ ಕಾಪಾಡಲಾಗಿದೆಯೇ ಎಂಬುದನ್ನು ಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ ತಿಳಿಸಬೇಕು.

ದಾಖಲೆ ಇಡುವುದು ಕೇವಲ ದಂಡ ತಪ್ಪಿಸಿಕೊಳ್ಳುವ ಉಪಾಯವಲ್ಲ ಎಂಬುದಕ್ಕೆ ವ್ಯಾಪಾರಸ್ಥರೆಲ್ಲರೂ ಕಂಡ ನಿದರ್ಶನವೊಂದಿದೆ. 2017ರ ಜುಲೈ 1ರಂದು ಮೌಲ್ಯವರ್ಧಿತ ತೆರಿಗೆಯಿಂದ ಜಿಎಸ್‌ಟಿಗೆ ಹೋದಾಗ, ಹಳೆಯ ವ್ಯವಸ್ಥೆಯಲ್ಲಿ ಉಳಿದ ತೆರಿಗೆ ಜಮೆಯನ್ನು ಟ್ರಾನ್-1 ನಮೂನೆಯ ಮೂಲಕ ಮುಂದಕ್ಕೆ ತರಬೇಕಿತ್ತು. ಜಾಲತಾಣದ ತಾಂತ್ರಿಕ ತೊಡಕು ಮುಂತಾದ ಕಾರಣಗಳಿಂದ ಅನೇಕರಿಗೆ ಅದು ಸಾಧ್ಯವಾಗಲಿಲ್ಲ. ಫಿಲ್ಕೋ ಟ್ರೇಡ್ ಸೆಂಟರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2022ರ ಜುಲೈಯಲ್ಲಿ ನೀಡಿದ ಆದೇಶದ ಮೇರೆಗೆ ಮತ್ತೊಂದು ಅವಕಾಶ ದೊರೆಯಿತು. ಆ ವರ್ಷದ ಅಕ್ಟೋಬರ್ 1ರಿಂದ ನವೆಂಬರ್ 30ರವರೆಗೆ ಜಾಲತಾಣ ಮತ್ತೆ ತೆರೆಯಿತು. ಸಲ್ಲಿಸಿದ ಹಕ್ಕನ್ನು ಅಧಿಕಾರಿಗಳು ಪರಿಶೀಲಿಸಬೇಕಾಗಿತ್ತು. ಐದು ವರ್ಷಗಳ ಹಿಂದಿನ ಬಿಲ್ಲುಗಳನ್ನು ಕಾಪಾಡಿಕೊಂಡವರಿಗೆ ಆ ಎರಡು ತಿಂಗಳು ಉಪಯೋಗಕ್ಕೆ ಬಂದವು. ಹಳೆಯ ಕಾಗದ ಯಾವಾಗ ಹಣವಾಗುತ್ತದೆಂಬುದನ್ನು ಮುಂಚಿತವಾಗಿ ಹೇಳಲಾಗದು.

ಮೂರು ಭಾಗಗಳಾಗಿ ವಿಂಗಡಣೆ

ಹಾಗೆಂದು ಎಲ್ಲವನ್ನೂ ಹೊಸ ವೇದಿಕೆಗೆ ಸಾಗಿಸಬೇಕೆಂದು ಅರ್ಥವಲ್ಲ. ಆರ್ಡರುಗಳನ್ನು ಮೂರು ಭಾಗಗಳಾಗಿ ವಿಂಗಡಿಸಿಕೊಂಡರೆ ವೆಚ್ಚವೂ ಗೊಂದಲವೂ ಕಡಿಮೆಯಾಗುತ್ತವೆ.

ಮೊದಲನೆಯದು, ವ್ಯವಹಾರ ಇನ್ನೂ ಮುಗಿಯದ ಆರ್ಡರುಗಳು. ಹಣ ಬಂದು ಸರಕು ಹೋಗದವು, ಸರಕು ಹೋಗಿ ಕ್ಯಾಶ್ ಆನ್ ಡೆಲಿವರಿ ಹಣ ಬರಬೇಕಾದವು, ವಾಪಸಾತಿ ಅವಧಿ ಮುಗಿಯದವು, ಮರುಪಾವತಿ ಬಾಕಿ ಇರುವವು. ಸಾಧ್ಯವಿದ್ದಲ್ಲಿ ಇವನ್ನು ಹಳೆಯ ವೇದಿಕೆಯಲ್ಲಿಯೇ ಮುಗಿಸುವುದು ಉತ್ತಮ. ಆಗದಿದ್ದರೆ ಪೂರ್ಣ ವಿವರಗಳೊಡನೆ ಒಂದೊಂದಾಗಿ ಪರಿಶೀಲಿಸಿ ತರಬೇಕು.

ಎರಡನೆಯದು, ವ್ಯವಹಾರ ಮುಗಿದಿದ್ದರೂ ಗ್ರಾಹಕ ಸೇವೆಗೆ ಬೇಕಾದವು. ವಾರಂಟಿ ಅವಧಿಯಲ್ಲಿರುವ ಸರಕು, ಪದೇಪದೇ ಖರೀದಿಸುವ ಸಗಟು ಗ್ರಾಹಕರ ಹಿಂದಿನ ಆರ್ಡರುಗಳು ಇದರಲ್ಲಿ ಸೇರುತ್ತವೆ. ಎರಡು ಅಥವಾ ಮೂರು ವರ್ಷಗಳಷ್ಟು ತಂದರೆ ಬಹುತೇಕ ವ್ಯಾಪಾರಗಳಿಗೆ ಸಾಕು.

ಮೂರನೆಯದು, ಕಾನೂನಿನ ರುಜುವಾತಿಗಾಗಿ ಮಾತ್ರ ಬೇಕಾದ ಆರ್ಡರುಗಳು. ಇವು ಹೊಸ ವೇದಿಕೆಗೆ ಬರುವ ಅಗತ್ಯವಿಲ್ಲ. ಹಳೆಯ ದತ್ತಾಂಶದ ಸಂಪೂರ್ಣ ಪ್ರತಿ, ಇನ್‌ವಾಯ್ಸ್‌ಗಳ ಪಿಡಿಎಫ್ ಪ್ರತಿ, ಮತ್ತು ಸಂಕೇತಗಳ ಅರ್ಥಪಟ್ಟಿ, ಈ ಮೂರನ್ನು ಎರಡು ಬೇರೆ ಬೇರೆ ಸ್ಥಳಗಳಲ್ಲಿ ಯಾರೂ ತಿದ್ದಲಾಗದಂತೆ ಇಡಬೇಕು. ವಾಸ್ತವವಾಗಿ ಮೊದಲೆರಡು ಭಾಗಗಳ ಆರ್ಡರುಗಳ ಮೂಲವೂ ಇಲ್ಲಿಯೇ ಇರಬೇಕು. ಹೊಸ ವೇದಿಕೆಗೆ ಹೋದದ್ದು ಬಳಕೆಯ ಪ್ರತಿ ಮಾತ್ರ. ಮೂಲ ಯಾವುದು, ಪ್ರತಿ ಯಾವುದು ಎಂಬ ಈ ವಿವೇಚನೆ ಇಡೀ ಕಾರ್ಯದ ಬುನಾದಿ.

ತೆರಿಗೆಯನ್ನು ಮರುಲೆಕ್ಕ ಹಾಕಬಾರದು

ಹೊಸ ವೇದಿಕೆಗೆ ಸರಕಿನ ಹೆಸರು, ಸಂಖ್ಯೆ ಹಾಗೂ ಬೆಲೆಯನ್ನು ಕೊಟ್ಟರೆ ತೆರಿಗೆಯನ್ನು ಅದೇ ಲೆಕ್ಕ ಹಾಕಬಲ್ಲದು. ಹೊಸ ಆರ್ಡರಿಗೆ ಇದು ಅನುಕೂಲ, ಹಳೆಯ ಆರ್ಡರಿಗೆ ಅಪಾಯ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳಲ್ಲಿ ದೊಡ್ಡ ಬದಲಾವಣೆ ಆದ ಮೇಲೆ ಈ ಅಪಾಯ ಹೆಚ್ಚಿದೆ. ಸಿದ್ಧ ಉಡುಪಿನ ವಿಷಯದಲ್ಲಿ, ಮೊದಲು ಒಂದು ನಗಕ್ಕೆ ರೂ. 1,000ದವರೆಗೆ ಶೇ. 5, ಅದಕ್ಕಿಂತ ಹೆಚ್ಚಿದ್ದರೆ ಶೇ. 12 ತೆರಿಗೆ ಇತ್ತು. ಆ ದಿನದಿಂದ ರೂ. 2,500ರವರೆಗೆ ಶೇ. 5, ಅದನ್ನು ಮೀರಿದರೆ ಶೇ. 18 ಆಯಿತು.

ಬಳ್ಳಾರಿಯ ಜೀನ್ಸ್ ತಯಾರಕರೊಬ್ಬರು ತಮ್ಮ ಆನ್‌ಲೈನ್ ಮಳಿಗೆಯನ್ನು ಬದಲಿಸುತ್ತಿದ್ದಾರೆಂದು ಇಟ್ಟುಕೊಳ್ಳೋಣ. 2024ರ ಅಕ್ಟೋಬರಿನಲ್ಲಿ ಅವರು ರೂ. 1,500 ಬೆಲೆಯ ಪ್ಯಾಂಟ್ ಒಂದನ್ನು ಮಾರಿದ್ದರು. ಶೇ. 12ರಂತೆ ತೆರಿಗೆ ರೂ. 180 ಸೇರಿ ಗ್ರಾಹಕರು ಕೊಟ್ಟದ್ದು ರೂ. 1,680. ತೆರಿಗೆ ಸೇರಿದ ಒಟ್ಟು ಬೆಲೆ ರೂ. 1,680 ಎಂದು ಮಾತ್ರ ಹೊಸ ವೇದಿಕೆಗೆ ಕೊಟ್ಟು ಉಳಿದ ಲೆಕ್ಕವನ್ನು ಅದಕ್ಕೆ ಬಿಟ್ಟರೆ, ಈಗಿನ ಶೇ. 5ರ ದರದಲ್ಲಿ ಅದು ಬೆಲೆ ರೂ. 1,600, ತೆರಿಗೆ ರೂ. 80 ಎಂದು ವಿಂಗಡಿಸುತ್ತದೆ. ಒಟ್ಟು ಮೊತ್ತ ಸರಿಯಾಗಿಯೇ ಇರುವುದರಿಂದ ಯಾರ ಕಣ್ಣಿಗೂ ತಪ್ಪು ಬೀಳುವುದಿಲ್ಲ. ಆದರೆ ತೆರಿಗೆಯಲ್ಲಿ ನೂರು ರೂಪಾಯಿ ವ್ಯತ್ಯಾಸ. ಇಂತಹ 4,000 ಆರ್ಡರುಗಳಿದ್ದರೆ ಸಲ್ಲಿಸಿದ ವಿವರಪತ್ರಕ್ಕೂ ಹೊಸ ವೇದಿಕೆಯ ವರದಿಗೂ ನಡುವೆ ರೂ. 4,00,000 ಅಂತರ ಬೀಳುತ್ತದೆ. ತೆರಿಗೆಯನ್ನು ಪ್ರಾಮಾಣಿಕವಾಗಿ ಪೂರ್ತಿ ಕಟ್ಟಿದವರೇ ತಮ್ಮ ದಾಖಲೆ ಏಕೆ ಬೇರೆ ಹೇಳುತ್ತದೆಂದು ವಿವರಣೆ ಕೊಡಬೇಕಾದ ಸ್ಥಿತಿಗೆ ಬರುತ್ತಾರೆ.

ವಾಪಸಾತಿಯಲ್ಲೂ ಇದೇ ತೊಡಕು. ಹಳೆಯ ಆರ್ಡರಿನ ಸರಕು ಹಿಂತಿರುಗಿದಾಗ ಕೊಡುವ ಕ್ರೆಡಿಟ್ ನೋಟ್ ಮೂಲ ಇನ್‌ವಾಯ್ಸ್‌ನ ದರವನ್ನೇ ಅನುಸರಿಸಬೇಕು. ಕಾಯ್ದೆಯ 34ನೆಯ ಕಲಮಿನಂತೆ, ಹಣಕಾಸು ವರ್ಷ ಮುಗಿದ ಬಳಿಕ ಬರುವ ನವೆಂಬರ್ 30 ಅಥವಾ ವಾರ್ಷಿಕ ವಿವರಪತ್ರ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲು ಬಂದ ದಿನದೊಳಗೆ ಅದನ್ನು ವಿವರಪತ್ರದಲ್ಲಿ ತೋರಿಸಬೇಕು. ಹೊಸ ವೇದಿಕೆಯಲ್ಲಿ ದಿನಾಂಕವೂ ದರವೂ ಬದಲಾಗಿದ್ದರೆ ಕ್ರೆಡಿಟ್ ನೋಟ್ ತಪ್ಪುವುದು ಖಚಿತ.

ಆದ್ದರಿಂದ ಬೆಲೆ, ರಿಯಾಯಿತಿ, ಸಾಗಣೆ ವೆಚ್ಚ, ತೆರಿಗೆಯ ದರ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ ಹಾಗೂ ಪೈಸೆಗಳ ಹೊಂದಾಣಿಕೆ, ಇವೆಲ್ಲವನ್ನೂ ಅಂದು ಇದ್ದಂತೆಯೇ ಸಿದ್ಧ ಅಂಕಿಗಳಾಗಿ ತರಬೇಕು. ಹೊಸ ವೇದಿಕೆಯು ಅವುಗಳನ್ನು ಪ್ರದರ್ಶಿಸಬೇಕೇ ಹೊರತು ಲೆಕ್ಕ ಹಾಕಬಾರದು.

ಸಂಖ್ಯೆ, ದಿನಾಂಕ, ವಿಳಾಸ

ಆರ್ಡರ್ ಸಂಖ್ಯೆಯೇ ಬೇರೆ, ಇನ್‌ವಾಯ್ಸ್ ಸಂಖ್ಯೆಯೇ ಬೇರೆ. ಜಿಎಸ್‌ಟಿ ನಿಯಮ 46ರಂತೆ ಇನ್‌ವಾಯ್ಸ್ ಸಂಖ್ಯೆ ಅನುಕ್ರಮವಾಗಿರಬೇಕು, ಹಣಕಾಸು ವರ್ಷದಲ್ಲಿ ಪುನರಾವರ್ತನೆ ಆಗಬಾರದು, 16 ಅಕ್ಷರಗಳನ್ನು ಮೀರಬಾರದು. ಆರ್ಡರ್ ಸಂಖ್ಯೆಗೆ ಇಂತಹ ಕಟ್ಟುಪಾಡು ಇಲ್ಲ. ವೂಕಾಮರ್ಸ್‌ನಲ್ಲಿ ಆರ್ಡರಿಗೂ, ತಾಣದ ಪುಟಗಳಿಗೂ, ಚಿತ್ರಗಳಿಗೂ ಒಂದೇ ಸರಣಿಯಿಂದ ಸಂಖ್ಯೆ ಹೋಗುವುದರಿಂದ ಆರ್ಡರ್ ಸಂಖ್ಯೆಗಳ ನಡುವೆ ಅಂತರ ಬೀಳುವುದು ಸಾಮಾನ್ಯ. ಮಜೆಂಟೊದಲ್ಲಿ ಗ್ರಾಹಕರಿಗೆ ಕಾಣುವ ಸಂಖ್ಯೆಯೊಂದು, ಒಳಗೆ ದತ್ತಾಂಶ ಕೋಷ್ಟಕದಲ್ಲಿ ಇರುವ ಸಂಖ್ಯೆ ಇನ್ನೊಂದು. ವರ್ಗಾವಣೆ ಮಾಡುವವರು ಒಳಗಿನ ಸಂಖ್ಯೆಯನ್ನು ತಂದುಬಿಟ್ಟರೆ, ಗ್ರಾಹಕರು ಹಳೆಯ ರಸೀದಿ ಹಿಡಿದು ಕೇಳಿದಾಗ ಅಂತಹ ಆರ್ಡರೇ ಇಲ್ಲವೆಂದು ಹೇಳಬೇಕಾಗುತ್ತದೆ.

ಹೊಸ ವೇದಿಕೆಯು ತನ್ನದೇ ಸಂಖ್ಯೆ ಕೊಟ್ಟರೆ ಕೊಡಲಿ. ಹಳೆಯ ಆರ್ಡರ್ ಸಂಖ್ಯೆಯನ್ನೂ ಹಳೆಯ ಇನ್‌ವಾಯ್ಸ್ ಸಂಖ್ಯೆಯನ್ನೂ ಪ್ರತ್ಯೇಕ ಅಂಕಣಗಳಲ್ಲಿ, ಹುಡುಕಲು ಬರುವಂತೆ ಇಡಬೇಕು. ಇನ್‌ವಾಯ್ಸ್ ಸಂಖ್ಯೆಗೆ ಹಿಂದೆ ಮುಂದೆ ಒಂದಕ್ಷರವನ್ನೂ ಸೇರಿಸಬಾರದು. ಸಗಟು ಗ್ರಾಹಕರು ಅದೇ ಸಂಖ್ಯೆಯ ಆಧಾರದ ಮೇಲೆ ತೆರಿಗೆ ಜಮೆ ಪಡೆದಿರುತ್ತಾರೆ. ಹೊಸ ಮಾರಾಟಗಳಿಗೆ ಪ್ರತ್ಯೇಕ ಸರಣಿ ಆರಂಭಿಸಲು ನಿಯಮದಲ್ಲಿಯೇ ಅವಕಾಶವಿದೆ.

ದಿನಾಂಕದ ವಿಷಯದಲ್ಲಿ ಸೂಕ್ಷ್ಮವಾದ ತೊಡಕೊಂದಿದೆ. ಮಜೆಂಟೊ ಸೇರಿದಂತೆ ಕೆಲವು ವೇದಿಕೆಗಳು ಸಮಯವನ್ನು ಯುಟಿಸಿ ಎಂಬ ಅಂತಾರಾಷ್ಟ್ರೀಯ ಕಾಲಮಾನದಲ್ಲಿ ದಾಖಲಿಸುತ್ತವೆ. ಭಾರತೀಯ ಕಾಲಮಾನ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ. ಏಪ್ರಿಲ್ 1ರ ಬೆಳಗಿನ ಜಾವ 2 ಗಂಟೆಗೆ ಬಂದ ಆರ್ಡರ್ ಅಲ್ಲಿ ಮಾರ್ಚ್ 31ರ ರಾತ್ರಿ 8.30 ಎಂದು ಇರುತ್ತದೆ. ಪರಿವರ್ತನೆ ಮಾಡದೆ ತಂದರೆ ಆ ಮಾರಾಟ ಹಿಂದಿನ ಹಣಕಾಸು ವರ್ಷಕ್ಕೆ ಸೇರಿಹೋಗುತ್ತದೆ. 2025ರ ಸೆಪ್ಟೆಂಬರ್ 22ರ ನಡುರಾತ್ರಿಯ ನಂತರ ಬಂದ ಆರ್ಡರುಗಳು 21ರಂದು ಬಂದಂತೆ ಕಂಡು, ಹೊಸ ದರದ ತೆರಿಗೆ ಹಳೆಯ ದಿನಾಂಕದಡಿ ಕುಳಿತಿರುತ್ತದೆ.

ವಿಳಾಸವೂ ಅಷ್ಟೇ ಮುಖ್ಯ. ಹುಬ್ಬಳ್ಳಿಯಲ್ಲಿದ್ದಾಗ ಖರೀದಿಸಿದ ಗ್ರಾಹಕರು ಈಗ ಪುಣೆಯಲ್ಲಿದ್ದಾರೆ ಎನ್ನೋಣ. ಹಳೆಯ ಆರ್ಡರನ್ನು ಗ್ರಾಹಕರ ಈಗಿನ ವಿಳಾಸಕ್ಕೆ ಜೋಡಿಸಿದರೆ, ರಾಜ್ಯದೊಳಗಿನ ಮಾರಾಟ ಅಂತರರಾಜ್ಯ ಮಾರಾಟವಾಗಿ ಕಾಣುತ್ತದೆ. ಕಟ್ಟಿದ್ದು ಸಿಜಿಎಸ್‌ಟಿ ಮತ್ತು ಎಸ್‌ಜಿಎಸ್‌ಟಿ, ಹೊಸ ವರದಿ ತೋರಿಸುವುದು ಐಜಿಎಸ್‌ಟಿ. ಆರ್ಡರಿನೊಂದಿಗೆ ಅಂದಿನ ವಿಳಾಸವೇ ಉಳಿಯಬೇಕು. ಹಾಗೆಯೇ ಈಗ ತಯಾರಿಕೆ ನಿಲ್ಲಿಸಿದ ಸರಕಿನ ಹೆಸರೂ ಹಳೆಯ ಆರ್ಡರಿನಲ್ಲಿ ಅಂದಿನಂತೆಯೇ ಇರಬೇಕು.

ಎಕ್ಸೆಲ್‌ನಲ್ಲಿ ಕಳೆದುಹೋಗುವ ಅಂಕಿಗಳು

ಹಳೆಯ ವೇದಿಕೆಯಿಂದ ಇಳಿಸಿಕೊಂಡ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು, ಸರಿಪಡಿಸಿ, ಹೊಸದಕ್ಕೆ ಏರಿಸುವುದು ಸಣ್ಣ ಉದ್ದಿಮೆಗಳಲ್ಲಿ ರೂಢಿ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ನಿಖರವಾಗಿ ಉಳಿಸುತ್ತದೆ. ಅದಕ್ಕಿಂತ ಉದ್ದದ ಪಾವತಿ ಸಂಖ್ಯೆಯ ಕೊನೆಯ ಅಂಕಿಗಳು ಸೊನ್ನೆಯಾಗುತ್ತವೆ. 0012 ಎಂಬ ಸರಕಿನ ಸಂಕೇತ 12 ಆಗುತ್ತದೆ. 05-04-2024 ಎಂಬುದು ಏಪ್ರಿಲ್ 5 ಹೋಗಿ ಮೇ 4 ಆಗಬಹುದು. ಕನ್ನಡದಲ್ಲಿ ಬರೆದ ಹೆಸರು, ವಿಳಾಸಗಳು ಯುಟಿಎಫ್-8 ರೂಪದಲ್ಲಿ ಉಳಿಯದಿದ್ದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ.

ಇಂತಹ ನಷ್ಟ ದೊಡ್ಡ ಸಂಸ್ಥೆಗಳಿಗೂ ತಪ್ಪಿದ್ದಲ್ಲ. 2020ರ ಸೆಪ್ಟೆಂಬರ್ ಕೊನೆಯಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ಬಿಟ್ಟುಹೋಗಿದ್ದವು. ಪ್ರಯೋಗಾಲಯಗಳಿಂದ ಬಂದ ಮಾಹಿತಿಯನ್ನು ಎಕ್ಸೆಲ್‌ನ ಹಳೆಯ ನಮೂನೆಯ ಕಡತಕ್ಕೆ ತುಂಬಲಾಗುತ್ತಿತ್ತು. ಆ ನಮೂನೆಯ ಹಾಳೆಯಲ್ಲಿ 65,536 ಸಾಲುಗಳಿಗೆ ಮಾತ್ರ ಸ್ಥಳವಿದ್ದು, ಮಿಕ್ಕ ಸಾಲುಗಳು ಸದ್ದಿಲ್ಲದೆ ಹೊರಗುಳಿದವು. ಪ್ರತಿ ಆರ್ಡರಿಗೆ ನಾಲ್ಕು ಸರಕುಗಳಿದ್ದರೆ ಇಪ್ಪತ್ತು ಸಾವಿರ ಆರ್ಡರುಗಳೇ ಆ ಮಿತಿಯನ್ನು ದಾಟುತ್ತವೆ. ಈಗಿನ ನಮೂನೆಯ ಮಿತಿ ಹತ್ತು ಲಕ್ಷ ಸಾಲುಗಳಿಗಿಂತ ಹೆಚ್ಚಿದೆ. ಆದರೂ ಕಚ್ಚಾ ಕಡತವನ್ನು ಮುಟ್ಟದೆ ಇಟ್ಟು ಪ್ರತಿಯ ಮೇಲೆ ಕೆಲಸ ಮಾಡುವುದು, ಸಂಖ್ಯೆಯ ಅಂಕಣಗಳನ್ನು ಅಕ್ಷರರೂಪವೆಂದು ಗುರುತಿಸಿ ತೆರೆಯುವುದು, ಸಾಲುಗಳನ್ನು ಎಣಿಸುವುದು, ಈ ಮೂರನ್ನು ಬಿಡಬಾರದು.

ವರ್ಗಾವಣೆಯ ದಿನದ ಅಪಾಯಗಳು

ಹೊಸ ವೇದಿಕೆಯ ದೃಷ್ಟಿಯಲ್ಲಿ ಏರಿಸಿದ ಪ್ರತಿಯೊಂದು ಆರ್ಡರೂ ಹೊಸ ಘಟನೆಯಾಗಬಹುದು. ಮೂರು ವರ್ಷಗಳ ಹಿಂದಿನ ಗ್ರಾಹಕರಿಗೆ ಆರ್ಡರ್ ಸ್ವೀಕೃತವಾಗಿದೆ ಎಂಬ ಎಸ್‌ಎಂಎಸ್ ಹೋಗಬಹುದು. ಎಂದೋ ಮಾರಿದ ಸರಕನ್ನು ಈಗಿನ ದಾಸ್ತಾನಿನಿಂದ ಕಳೆಯಬಹುದು. ಎಲ್ಲಕ್ಕಿಂತ ಗಂಭೀರವಾದುದು ಲೆಕ್ಕದ ತಂತ್ರಾಂಶದೊಂದಿಗಿನ ಜೋಡಣೆ. ಟ್ಯಾಲಿಯಂತಹ ತಂತ್ರಾಂಶಕ್ಕೆ ಆರ್ಡರುಗಳು ತಾವಾಗಿಯೇ ಹೋಗುವ ವ್ಯವಸ್ಥೆ ಇದ್ದರೆ, ಹಳೆಯ ಆರ್ಡರುಗಳೆಲ್ಲ ಈ ತಿಂಗಳ ಮಾರಾಟದ ವೋಚರುಗಳಾಗಿ ಜಮೆಯಾಗಿ ಜಿಎಸ್‌ಟಿಆರ್-1ರಲ್ಲಿಯೂ ಕಾಣಿಸಿಕೊಳ್ಳಬಹುದು. ಆದ್ದರಿಂದ ವರ್ಗಾವಣೆ ಮುಗಿದು ತಾಳೆ ಆಗುವವರೆಗೆ ಸಂದೇಶ, ದಾಸ್ತಾನು, ಲೆಕ್ಕ, ಕೊರಿಯರ್, ಈ ನಾಲ್ಕೂ ಜೋಡಣೆಗಳನ್ನು ಕಡಿದಿಡಬೇಕು.

ಆರ್ಡರಿನ ಸ್ಥಿತಿಯನ್ನು ಹೊಂದಿಸುವಾಗಲೂ ಎಚ್ಚರ ಬೇಕು. ಗ್ರಾಹಕರು ಸ್ವೀಕರಿಸದೆ ಹಿಂದಿರುಗಿದ ಕ್ಯಾಶ್ ಆನ್ ಡೆಲಿವರಿ ಆರ್ಡರಿಗೆ ಹೊಸ ವೇದಿಕೆಯಲ್ಲಿ ಸಮಾನ ಸ್ಥಿತಿ ಇಲ್ಲವೆಂದು ಅದನ್ನು ಪೂರ್ಣಗೊಂಡದ್ದೆಂದು ಗುರುತಿಸಿದರೆ, ನಡೆಯದ ಮಾರಾಟ ವಹಿವಾಟಿಗೆ ಸೇರುತ್ತದೆ.

ವರ್ಗಾವಣೆಗೆ ತಿಂಗಳ ಮೊದಲ ದಿನ, ಸಾಧ್ಯವಾದರೆ ಏಪ್ರಿಲ್ 1, ಸೂಕ್ತ. ದಸರಾ, ದೀಪಾವಳಿಯ ಮಾರಾಟದ ದಿನಗಳು ಸಲ್ಲದು. ಮೊದಲು ಪ್ರಯೋಗದ ಮಳಿಗೆಯೊಂದರಲ್ಲಿ ಒಂದು ತಿಂಗಳ ಆರ್ಡರುಗಳನ್ನು ಏರಿಸಿ ನೋಡಬೇಕು. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲಿನಲ್ಲಿ ತನ್ನ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಿದಾಗ ದತ್ತಾಂಶವೇನೋ ಸರಿಯಾಗಿ ತಲುಪಿತು. ಆದರೆ ಹೊಸ ವ್ಯವಸ್ಥೆಯೇ ಕುಸಿದು ಲಕ್ಷಾಂತರ ಗ್ರಾಹಕರು ತಮ್ಮ ಖಾತೆ ಬಳಸಲಾಗದೆ ಪರದಾಡಿದರು. 2022ರ ಡಿಸೆಂಬರಿನಲ್ಲಿ ನಿಯಂತ್ರಣ ಸಂಸ್ಥೆಗಳು ಆ ಬ್ಯಾಂಕಿಗೆ ಒಟ್ಟು 4 ಕೋಟಿ 86.5 ಲಕ್ಷ ಪೌಂಡು ದಂಡ ವಿಧಿಸಿದವು. ಹೊಸದು ಸ್ಥಿರವಾಗಿ ನಡೆಯುವವರೆಗೆ ಹಳೆಯದನ್ನು ಮುಚ್ಚಬಾರದೆಂಬ ನಿಯಮ ಸಣ್ಣ ಮಳಿಗೆಗೂ ಅನ್ವಯಿಸುತ್ತದೆ.

ತಾಳೆ ನೋಡುವ ಕ್ರಮ

ಎಲ್ಲವೂ ಬಂದಿದೆ ಎಂಬ ತಂತ್ರಜ್ಞರ ಮಾತು ತಾಳೆಪಟ್ಟಿಗೆ ಸಮವಲ್ಲ. ಹಳೆಯ ಮತ್ತು ಹೊಸ ವೇದಿಕೆಗಳಿಂದ ತಿಂಗಳುವಾರು ಈ ಕೆಳಗಿನ ಮೊತ್ತಗಳನ್ನು ತೆಗೆದು ಅಕ್ಕಪಕ್ಕ ಇಡಬೇಕು:

1) ಆರ್ಡರುಗಳ ಸಂಖ್ಯೆ ಮತ್ತು ಅವುಗಳಲ್ಲಿನ ಸರಕು ಸಾಲುಗಳ ಸಂಖ್ಯೆ.
2) ತೆರಿಗೆ ದರವಾರು ಮಾರಾಟ ಮೌಲ್ಯ.
3) ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ, ಐಜಿಎಸ್‌ಟಿ ಪ್ರತ್ಯೇಕವಾಗಿ.
4) ರಿಯಾಯಿತಿ ಮತ್ತು ಸಾಗಣೆ ವೆಚ್ಚ.
5) ರದ್ದತಿ, ವಾಪಸಾತಿ, ಮರುಪಾವತಿ.
6) ಪಾವತಿ ವಿಧಾನವಾರು ಹಾಗೂ ರಾಜ್ಯವಾರು ಮೊತ್ತ.

ಒಟ್ಟು ಮೊತ್ತದಲ್ಲಿ ಒಂದು ರೂಪಾಯಿ ಮಾತ್ರ ವ್ಯತ್ಯಾಸವಿದೆಯೆಂದು ಬಿಟ್ಟುಬಿಡುವುದು ಸರಿಯಲ್ಲ. ಒಂದು ಕಡೆ ಹತ್ತು ಸಾವಿರ ಹೆಚ್ಚಾಗಿ, ಇನ್ನೊಂದು ಕಡೆ ಹತ್ತು ಸಾವಿರದ ಒಂದು ರೂಪಾಯಿ ಕಡಿಮೆಯಾಗಿದ್ದರೂ ವ್ಯತ್ಯಾಸ ಒಂದೇ ರೂಪಾಯಿ. ಮೊತ್ತಗಳ ತಾಳೆಯ ನಂತರ ಐವತ್ತು ಆರ್ಡರುಗಳನ್ನು ಆಯ್ದು ಸಾಲುಸಾಲಾಗಿ ನೋಡಬೇಕು. ಸರಳವಾದವುಗಳನ್ನು ಆರಿಸಿದರೆ ಪ್ರಯೋಜನವಿಲ್ಲ. ಭಾಗಶಃ ವಾಪಸಾದವು, ಎರಡು ಕಂತಿನಲ್ಲಿ ರವಾನೆಯಾದವು, ಕೂಪನ್ ಬಳಸಿದವು, ಖರೀದಿದಾರರ ಜಿಎಸ್‌ಟಿ ಸಂಖ್ಯೆ ಇರುವವು, ಮಾರ್ಚ್ 31 ಮತ್ತು ಏಪ್ರಿಲ್ 1ರವು, ಇಂತಹವೇ ಪರೀಕ್ಷೆಗೆ ಯೋಗ್ಯ.

ಮೂರನೆಯ ತಾಳೆ ಸಲ್ಲಿಸಿದ ಜಿಎಸ್‌ಟಿಆರ್-1ರೊಂದಿಗೆ. ಹಳೆಯ ವೇದಿಕೆಯ ಅಂಕಿಗಳೇ ವಿವರಪತ್ರಕ್ಕೆ ಹೊಂದದಿದ್ದರೆ, ವರ್ಗಾವಣೆಯ ನೆಪದಲ್ಲಿ ಅವುಗಳನ್ನು ತಿದ್ದಬಾರದು. ಇದ್ದುದನ್ನು ಇದ್ದಂತೆಯೇ ತಂದು, ವ್ಯತ್ಯಾಸಕ್ಕೆ ಪ್ರತ್ಯೇಕ ವಿವರಣಾ ಪಟ್ಟಿ ಬರೆದಿಡುವುದೇ ಸರಿಯಾದ ಮಾರ್ಗ. ಮೂರೂ ತಾಳೆಪಟ್ಟಿಗಳಿಗೆ ದಿನಾಂಕ ಹಾಕಿ, ಜವಾಬ್ದಾರರು ಸಹಿ ಮಾಡಿ ಮೂಲ ದಾಖಲೆಯೊಂದಿಗೆ ಇಡಬೇಕು.

ಗ್ರಾಹಕರ ಮಾಹಿತಿ

ಎಲ್ಲವನ್ನೂ ಉಳಿಸಬೇಕೆಂಬ ಉತ್ಸಾಹದಲ್ಲಿ ಉಳಿಸಬಾರದ್ದನ್ನು ತರುವುದೂ ತಪ್ಪು. 2022ರ ಅಕ್ಟೋಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿರ್ದೇಶನದಂತೆ ಗ್ರಾಹಕರ ಕಾರ್ಡ್ ಸಂಖ್ಯೆಯನ್ನು ವ್ಯಾಪಾರಸ್ಥರು ಇಟ್ಟುಕೊಳ್ಳುವಂತಿಲ್ಲ. ಹಳೆಯ ಕಡತಗಳಲ್ಲಿ ಅದು ಉಳಿದಿದ್ದರೆ ಅಳಿಸಬೇಕು. ಗ್ರಾಹಕರ ಗುಪ್ತಪದಗಳು ಸಾಮಾನ್ಯವಾಗಿ ಹೊಸ ವೇದಿಕೆಗೆ ಬರುವುದಿಲ್ಲ. ಹೊಸದಾಗಿ ಹೊಂದಿಸಿಕೊಳ್ಳುವಂತೆ ಗ್ರಾಹಕರಿಗೆ ಮುಂಚಿತವಾಗಿ ತಿಳಿಸುವುದು ಒಳ್ಳೆಯದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಹೊಣೆಗಾರಿಕೆಗಳ ಜಾರಿಗೆ ಅವು 18 ತಿಂಗಳ ಕಾಲಾವಕಾಶ ನೀಡಿವೆ. ಕಾನೂನು ಇಡಲು ಹೇಳಿದ ಆರ್ಡರ್ ವಿವರವನ್ನು ಇಡಬೇಕು. ಎಂದೋ ಪ್ರಚಾರಕ್ಕೆಂದು ಸಂಗ್ರಹಿಸಿದ ಜನ್ಮದಿನ, ವಿವಾಹ ದಿನಗಳ ಪಟ್ಟಿಯನ್ನು ಹೊತ್ತು ತರುವ ಅಗತ್ಯವಿಲ್ಲ.

ಕರಾರು ಮತ್ತು ಹೊಣೆ

ವರ್ಗಾವಣೆಯ ಕೆಲಸವನ್ನು ವಹಿಸುವಾಗ ಬರಹದಲ್ಲಿ ಕರಾರು ಇರಲಿ. ಯಾವ ಅವಧಿಯ, ಯಾವ ಅಂಕಣಗಳು ಬರುತ್ತವೆ, ಏನು ಬರುವುದಿಲ್ಲ, ತಾಳೆಯಾಗದಿದ್ದರೆ ಯಾರು ಸರಿಪಡಿಸುತ್ತಾರೆ, ಕೊನೆಯ ಕಂತಿನ ಹಣ ತಾಳೆಪಟ್ಟಿಗೆ ಸಹಿಯಾದ ಮೇಲೆಯೇ ಎಂಬ ಅಂಶಗಳು ಅದರಲ್ಲಿರಬೇಕು. ಹಳೆಯ ವೇದಿಕೆಯ ಕರಾರನ್ನೂ ಓದಬೇಕು. ಬಾಡಿಗೆ ರೂಪದ ವೇದಿಕೆಗಳಲ್ಲಿ ಚಂದಾ ನಿಂತ ಮೇಲೆ ದತ್ತಾಂಶ ಎಷ್ಟು ದಿನ ದೊರೆಯುತ್ತದೆ ಎಂಬುದು ಆ ಕರಾರಿನ ಮೇಲೆಯೇ ಅವಲಂಬಿಸಿದೆ. ಮೂಲ ದಾಖಲೆಯ ಪ್ರತಿಯನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಹಳೆಯ ಆರ್ಡರೊಂದನ್ನು ಹುಡುಕಿ ಮುದ್ರಿಸಿ ನೋಡಿದ ಮೇಲೆಯೇ ಚಂದಾ ನಿಲ್ಲಿಸಬೇಕು. ಆ ಬಳಿಕವೂ ವರ್ಷಕ್ಕೊಮ್ಮೆ ಹೀಗೆ ತೆರೆದು ನೋಡುವುದು ಕ್ಷೇಮ. ತೆರೆಯಲು ಬಾರದ ಬ್ಯಾಕಪ್ ಇದ್ದೂ ಇಲ್ಲದಂತೆ.

ಇಷ್ಟಕ್ಕೆ ತಗಲುವ ವೆಚ್ಚ ಮತ್ತು ಶ್ರಮ ಸಣ್ಣ ಉದ್ದಿಮೆಗೆ ಹೆಚ್ಚೆನಿಸಬಹುದು. ಮೂರು ಭಾಗಗಳ ವಿಂಗಡಣೆಯನ್ನು ಮೊದಲೇ ಮಾಡಿಕೊಂಡರೆ ವೇದಿಕೆಗೆ ಏರಿಸಬೇಕಾದ ಆರ್ಡರುಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ. ಉಳಿದುದು ಕೆಲವು ದಿನಗಳ ಲೆಕ್ಕದ ಕೆಲಸ. ಆ ಕೆಲಸವನ್ನು ತಂತ್ರಜ್ಞರಿಗೆ ಪೂರ್ತಿ ಬಿಟ್ಟುಕೊಡಲಾಗದು. ದತ್ತಾಂಶವನ್ನು ಸಾಗಿಸುವುದು ಅವರ ವಿದ್ಯೆ, ಅಂಕಿಗಳು ಸರಿಯೇ ಎಂದು ಹೇಳುವುದು ಮಾಲೀಕರ ಮತ್ತು ಲೆಕ್ಕಿಗರ ಕೆಲಸ. ಏಳು ವರ್ಷಗಳ ನಂತರ ನೋಟೀಸು ಬಂದಾಗ ಮಳಿಗೆ ಕಟ್ಟಿಕೊಟ್ಟವರು ಎಲ್ಲಿರುತ್ತಾರೋ ತಿಳಿಯದು. ತೆರಿಗೆ ವಿವರಪತ್ರದ ಮೇಲಿರುವ ಸಹಿ ಮಾತ್ರ ವ್ಯಾಪಾರಸ್ಥರದೇ ಆಗಿರುತ್ತದೆ.